ಎಲ್ಲರಿಗೂ ‘ಸೂಪರ್ಬ್’, ಅವಳಿಗೆ ಮಾತ್ರ ಇಲ್ಲ

ನಿಶಾಂತ ತನ್ನ ಹೆಸರು ಕರೆದಾಗ ಶಾಂಭವಿಯ ಎದೆ ಧಸಕ್ಕೆಂದಿತು.

ಬೇಗಂಪೇಟೆಯ ಆ ಆಫೀಸಿನಲ್ಲಿ ಅದು ಅವಳ ಮೊದಲ ದಿನ. ಎ.ಸಿ. ಗಾಳಿಗೆ ಬೆರಳು ತಣ್ಣಗಾಗಿದ್ದವು, ಬಾಯಿ ಒಣಗಿತ್ತು. ಟ್ರೈನರ್ ನಿಶಾಂತ ಇಂಗ್ಲಿಷಿನಲ್ಲಿ ಕೇಳಿದ್ದೇನೋ ಸಣ್ಣ ಕೆಲಸವೇ. ಎದ್ದು ನಿಂತು ಪಕ್ಕದವರನ್ನು ಒಂದು ಮಾತಿನಲ್ಲಿ ಹೊಗಳಬೇಕು, ಅಷ್ಟೇ. ಪಕ್ಕದ ಭಾಗ್ಯಶ್ರೀ ಆಗಲೇ ಇವಳ ನಗು ‘ಆಸಮ್’ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡು ಕೂತಿದ್ದಳು.

ಶಾಂಭವಿ ಎದ್ದಳು. ಇಡೀ ರೂಮು ಅವಳನ್ನೇ ನೋಡುತ್ತಿತ್ತು. ರಾತ್ರಿಯೆಲ್ಲ ಕಲಿತಿದ್ದ ಇಂಗ್ಲಿಷ್ ಎಲ್ಲಿ ಹೋಯಿತೋ! ತೆಲುಗೂ ಬರಲಿಲ್ಲ, ಹಿಂದಿಯೂ ಬರಲಿಲ್ಲ. ಕೊನೆಗೆ ಬಾಯಿಂದ ಹೊರಟದ್ದು ಅವಳ ಅವ್ವನ ಮಾತು.

“ಅಯ್ಯ ಶಿವನ, ಇವತ್ತ ಸತ್ತೆ ನಾ...”

ತುಟಿಯೊಳಗೇ ಅಂದಿದ್ದಳು. ಯಾರಿಗೂ ತಿಳಿಯಲಿಲ್ಲ, ಒಬ್ಬನನ್ನು ಬಿಟ್ಟು.

“ಸಾಯೂದಿಲ್ಲ,” ಎಂದ ನಿಶಾಂತ, ಮೆಲ್ಲಗೆ, ಕನ್ನಡದಲ್ಲಿ. “ನೀರು ಕುಡೀರಿ. ಆಮ್ಯಾಲೆ ಹೇಳೀರಂತ.”

ಶಾಂಭವಿ ಕಣ್ಣರಳಿಸಿ ನೋಡಿದಳು. ಈ ತೆಲುಗು ಊರಿನಲ್ಲಿ, ಅದೂ ಇಂಥ ಗಾಜಿನ ಆಫೀಸಿನಲ್ಲಿ ತನ್ನ ಮಾತು ಆಡುವವನು! ಟೈ ಕಟ್ಟಿದ ಆ ತೆಳ್ಳನೆಯ ಹುಡುಗ ಅವಳ ಕಡೆ ನೀರಿನ ಬಾಟಲಿ ಚಾಚಿದ್ದ. ಅವಳು ಗಟಗಟನೆ ಕುಡಿದಳು. ಹುಡುಗಿ ಸೋತದ್ದು ಅಲ್ಲೇ ಎಂದು ನಾನು ಹೇಳಬೇಕಾಗಿಲ್ಲ, ನಿಮಗೆ ಗೊತ್ತಾಗಿರುತ್ತದೆ.

ಆ ಆಫೀಸಿನ ಕೆಲಸ ಏನೆಂದರೆ ಆಸ್ಟ್ರೇಲಿಯಾದ ಜನ ಕೊಂಡ ಫ್ರಿಜ್ಜು, ವಾಷಿಂಗ್ ಮಷೀನುಗಳ ದೂರನ್ನು ಫೋನಿನಲ್ಲಿ ಕೇಳುವುದು. ಕೇಳಿದರೆ ಸಾಲದು, ನಡುನಡುವೆ ಗಿರಾಕಿಯನ್ನು ಹೊಗಳಬೇಕು. ಅದು ಅಲ್ಲಿನ ನಿಯಮ. ಯಾವ ಮಾತು ಎಲ್ಲಿ ಎಂದು ಕಲಿಸುವುದೇ ನಿಶಾಂತನ ಉದ್ಯೋಗ.

ಮತ್ತೆ ಅವನು ಕಲಿಸುತ್ತಿದ್ದ ಚಂದವೇ ಬೇರೆ. ‘ಆಸಮ್’ ಅಂದರೆ ಒಂದು ಕಾಲಕ್ಕೆ ದೇವರೆದುರು ನಿಂತಾಗ ಹುಟ್ಟುವಂಥ ಭಯಭಕ್ತಿ, ಈಗ ಗಿರಾಕಿ ತನ್ನ ಪಿನ್‌ಕೋಡ್ ಸರಿಯಾಗಿ ಹೇಳಿದರೂ ಆಸಮ್ ಅನ್ನಬಹುದು ಎನ್ನುತ್ತಿದ್ದ. ‘ಬ್ರಿಲಿಯಂಟ್’ ಅನ್ನಿಸಿಕೊಳ್ಳಲು ಬುದ್ಧಿ ಬೇಕಾಗಿಲ್ಲ, ‘ಆಯ್ತು, ಸರಿ’ ಅಂದಷ್ಟೇ ಅದರ ಬೆಲೆ. ‘ಲೆಜೆಂಡ್’ ಅಂದರೆ ಪುರಾಣಪುರುಷ. ಆದರೆ ಆಸ್ಟ್ರೇಲಿಯಾದಲ್ಲಿ ಹಿಂದೆ ಬರುವವರಿಗೆ ಬಾಗಿಲು ಹಿಡಿದು ನಿಂತವನೂ ಲೆಜೆಂಡೇ. ‘ಸೂಪರ್ಬ್’ ಮಾತ್ರ ಸ್ವಲ್ಪ ತೂಕದ್ದು, ನೋಡಿಕೊಂಡು ಖರ್ಚು ಮಾಡಿ ಎಂದು ಹೇಳುವಾಗ ಅವನ ದನಿ ಯಾಕೋ ತಗ್ಗುತ್ತಿತ್ತು. ಶಾಂಭವಿ ಅದನ್ನು ಗಮನಿಸಿದ್ದಳು. ಅವನ ಯಾವುದನ್ನು ತಾನೇ ಅವಳು ಗಮನಿಸುತ್ತಿರಲಿಲ್ಲ!

ಹೊಗಳಿಕೆ ಅವಳಿಗೆ ಹೊಸ ವಸ್ತು. ಅಪ್ಪ ತಾಯಪ್ಪ ಯಾದಗಿರಿ ಕಡೆಯಿಂದ ಗಿಲಾಯಿ ಕೆಲಸಕ್ಕೆ ಬಂದು, ಮಿಯಾಪುರದ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳ ಗೋಡೆಗೆ ಸಿಮೆಂಟು ಬಳಿದವನು. ಅವ್ವ ಗದಿಗೆಮ್ಮ ಅದೇ ಗೋಡೆಗಳಿಗೆ ಕಲಸಿದ ಸಿಮೆಂಟಿನ ಮಾಲು ಹೊತ್ತವಳು. ಗೋಡೆ ಚಲೋ ಬಂದರೆ ಎಂಜಿನಿಯರು ಏನೂ ಅನ್ನದೆ ಮುಂದೆ ಹೋಗುತ್ತಾನೆ, ಕೆಟ್ಟರೆ ನಿಂತು ಬೈಯುತ್ತಾನೆ. ತಗಡಿನ ಶೆಡ್ಡಿನಲ್ಲಿ ಬೆಳೆದ ಶಾಂಭವಿ ಡಿಗ್ರಿ ಪಾಸಾದ ದಿನವೂ ಮನೆಯಲ್ಲಿ ಯಾರೂ ಭೇಷ್ ಅನ್ನಲಿಲ್ಲ. ಅವ್ವ ಬಾಯಿಗೆ ಸಕ್ಕರೆ ಹಾಕಿ, ಇನ್ನಾದರೂ ಬೇಗ ಏಳುವುದನ್ನು ಕಲಿ ಎಂದಿದ್ದಳು. ಹಾಗಾಗಿ ಒಂದು ಒಳ್ಳೆಯ ಮಾತಿಗೆ ಅವಳ ಕಿವಿ ಹಸಿದಿತ್ತು.

ಆ ಹಸಿವಿನ ಎದುರಿಗೇ ಒಂದು ಬೋರ್ಡು ಇತ್ತಲ್ಲ, ಅದೇ ಅವಳ ಪ್ರಾಣ ಹಿಂಡಿತು.

ಪ್ರತಿ ಶುಕ್ರವಾರ ನಿಶಾಂತ ಬಣ್ಣದ ಚೀಟಿಗಳ ಮೇಲೆ ಒಂದೊಂದು ಹೊಗಳಿಕೆ ಬರೆದು, ಕೆಳಗೆ ಹೆಸರು ಹಾಕಿ ಬೋರ್ಡಿಗೆ ಅಂಟಿಸುತ್ತಿದ್ದ. ಭಾಗ್ಯಶ್ರೀ, ಆಸಮ್. ಕಾರ್ತಿಕ, ಬ್ರಿಲಿಯಂಟ್. ದಿನವೂ ತಡವಾಗಿ ಬರುವ ತರುಣನಿಗೂ ಒಂದು ಸೂಪರ್ಬ್ ಬಂತು. ಶಾಂಭವಿಯ ಹೆಸರು ಬರಲಿಲ್ಲ. ಮುಂದಿನ ಶುಕ್ರವಾರ ಬರಬಹುದು ಅಂದುಕೊಂಡಳು. ಅದೂ ಬರಲಿಲ್ಲ.

ಅವಳ ಪಾಲಿಗೆ ತಪ್ಪುಗಳು ಮಾತ್ರ ಇದ್ದವು. ಮಾತು ಓಡಿಸುತ್ತೀ, ಸ್ವಲ್ಪ ತಡೆ. ಗಿರಾಕಿಯ ಹೆಸರು ಎರಡನೇ ಸಲ ಹೇಳಲಿಲ್ಲ. ನಗುವುದು ಸರಿ, ಫೋನಿನಲ್ಲಿ ಅದು ಕೇಳಿಸಬೇಕಲ್ಲ? ಹೀಗೆ ಅವನು ಅವಳ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ತಿದ್ದುತ್ತಿದ್ದ, ಬೇರೆ ಯಾರ ಪಕ್ಕದಲ್ಲೂ ಅಷ್ಟು ಹೊತ್ತು ಕೂರದವನು.

ಸಂಜೆ ಇಬ್ಬರೂ ಬೇಗಂಪೇಟೆಯಲ್ಲಿ ಒಂದೇ ಮೆಟ್ರೋ ಹತ್ತಿ ಅಮೀರಪೇಟೆಯವರೆಗೆ ಬರುತ್ತಿದ್ದರು. ಅಲ್ಲಿ ಅವಳದು ಮಿಯಾಪುರದ ಕಡೆ, ಅವನದು ನಾಂಪಲ್ಲಿಯ ಕಡೆ. ಎದುರುಬದುರು ಪ್ಲಾಟ್‌ಫಾರ್ಮು. ಅವಳ ರೈಲು ಬರುವ ತನಕ ಅವನು ತನ್ನ ರೈಲನ್ನು ಬಿಟ್ಟು ನಿಲ್ಲುತ್ತಿದ್ದ. ಯಾಕೆಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ತಂದೆ ಇಲ್ಲವೆಂದೂ, ನಾಂಪಲ್ಲಿಯ ಹಳೆಯ ಮನೆಯಲ್ಲಿ ತಾನು ಮತ್ತು ತಾಯಿ ಮಂದಾಕಿನಿ ಇಬ್ಬರೇ ಎಂದೂ, ಅಜ್ಜನ ಕಾಲಕ್ಕೇ ಸರ್ಕಾರಿ ನೌಕರಿಗೆಂದು ರಾಯಚೂರಿನಿಂದ ಬಂದವರೆಂದೂ ಹೇಳಿದ್ದ. ಅವಳು ಶೆಡ್ಡಿನ ಕಥೆ ಹೇಳಿದ್ದಳು. ಅವನು ಒಮ್ಮೆಯೂ ಅಯ್ಯೋ ಪಾಪ ಅನ್ನಲಿಲ್ಲ. ಅದಕ್ಕಾಗಿಯೇ ಅವನು ಅವಳಿಗೆ ಇನ್ನೂ ಇಷ್ಟವಾದ.

ಸಂಕ್ರಾಂತಿಗೆ ಆಫೀಸಿನಲ್ಲಿ ಎಲ್ಲರೂ ಸೀರೆ ಉಟ್ಟು, ಕುರ್ತಾ ತೊಟ್ಟು ಬರಬೇಕೆಂದಾಯಿತು. ಶಾಂಭವಿ ಅವ್ವನ ಮದುವೆಯ ಕೆಂಪು ಇಳಕಲ್ ಸೀರೆ ಉಟ್ಟು ಬಂದಳು. ಇಡೀ ಆಫೀಸು ತಿರುಗಿ ನೋಡಿತು. ಕಿಲ್ಲರ್ ಅಂದರು, ಸ್ಟನ್ನಿಂಗ್ ಅಂದರು, ಕಲಿತ ಮಾತನ್ನೆಲ್ಲ ಅವಳ ಮೇಲೆ ಸುರಿದರು. ಗುರುತಿನ ಕಾರ್ಡಿಗೆ ಅವತ್ತೇ ಫೋಟೋ ಹಿಡಿದರು.

ಅವಳು ಕಾದದ್ದು ಒಬ್ಬನಿಗಾಗಿ. ನಿಶಾಂತ ಬಂದ. ಬಾಗಿಲಲ್ಲೇ ನಿಂತುಬಿಟ್ಟ. ಅವಳನ್ನು ನೋಡಿದ, ನೋಡುತ್ತಲೇ ಇದ್ದ. ಆಮೇಲೆ ಕಣ್ಣು ತಗ್ಗಿಸಿ, ಸೆರಗಿನ ಪಿನ್ನು ಸರಿಯಾಗಿ ಹಾಕಿಲ್ಲ ಎಂದು ಹೇಳಿ ಒಳಗೆ ಹೋದ.

ಪಿನ್ನು! ಅವತ್ತು ಶಾಂಭವಿ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತಳು.

*

ಟ್ರೈನಿಂಗಿನ ಕೊನೆಯ ಶುಕ್ರವಾರ ಅವಳಿಗೆ ನಿಜವಾದ ಕರೆ ಕೊಟ್ಟರು. ಆ ಕಡೆ ಒಬ್ಬಳೇ ಇರುವ ಮುದುಕಿ, ಕೆಟ್ಟ ಫ್ರಿಜ್ಜು, ವಿಪರೀತ ಸಿಟ್ಟು. ಶಾಂಭವಿ ಅವಳ ಸಿಟ್ಟು ಮುಗಿಯುವ ತನಕ ಕೇಳಿದಳು, ಒಳಗಿನ ಹಾಲು ಕೆಟ್ಟಿತೇ ಎಂದು ವಿಚಾರಿಸಿದಳು, ಮಾರನೆಯ ದಿನವೇ ಮೆಕ್ಯಾನಿಕ್ ಬರುವಂತೆ ಮಾಡಿದಳು. ಫೋನ್ ಇಡುವಾಗ ಆ ಮುದುಕಿ, ನೀನು ಲೆಜೆಂಡ್ ಕಣಮ್ಮ ಎಂದಳು.

ಪುರಾಣಪುರುಷರಿಗೆ ಹೇಳುವ ಮಾತು! ಶಾಂಭವಿ ಹೆಡ್‌ಸೆಟ್ ಕಿತ್ತಿಟ್ಟು ನಿಶಾಂತನ ಬಳಿಗೆ ಬಂದಳು. ಅವನೂ ಕರೆ ಕೇಳಿಸಿಕೊಂಡಿದ್ದ. ಅವನ ಕಣ್ಣು ತೇವವಾಗಿತ್ತೆಂದು ಅವಳಿಗೆ ಅನ್ನಿಸಿತು. ಈಗ ಹೇಳುತ್ತಾನೆ... ಈಗ ಹೇಳಲೇಬೇಕು...

“ನಮಸ್ಕಾರ ಹೇಳೂದ್ರಾಗ ಒಂದು ತಪ್ಪಾತು,” ಎಂದ. “ನೋಡ್ಕೋ.”

ಸಂಜೆ ಬೋರ್ಡು ತುಂಬಿತು. ಎಲ್ಲರ ಹೆಸರೂ ಇತ್ತು, ಅವಳದು ಬಿಟ್ಟು. ಆಮೇಲೆ ಅವನು ಗುರುತಿನ ಕಾರ್ಡು ಹಂಚಿದ, ಅವಳದನ್ನು ಎಲ್ಲರ ನಂತರ ಕೊಟ್ಟ. ತಿರುಗಿಸಿ ನೋಡಿದಳು. ಕೆಂಪು ಸೀರೆಯ ಫೋಟೋ. ಎಡಗೆನ್ನೆಯ ಮೇಲೆ ಮಾರ್ಕರ್ ಪೆನ್ನಿನ ಕಪ್ಪು ಚುಕ್ಕೆ.

ಬೇರೆ ಯಾರ ಕಾರ್ಡಿನಲ್ಲೂ ಅದು ಇರಲಿಲ್ಲ. ಭಾಗ್ಯಶ್ರೀ ಮುಖ ಸಣ್ಣ ಮಾಡಿಕೊಂಡು, ತನ್ನ ಅಕ್ಕನ ಆಫೀಸಿನಲ್ಲಿ ಕೆಲಸದಿಂದ ತೆಗೆಯುವವರ ಹೆಸರಿಗೆ ಹೀಗೇ ಚುಕ್ಕೆ ಇಡುತ್ತಿದ್ದರೆಂದು ಕಿವಿಯಲ್ಲಿ ಹೇಳಿದಳು. ಒಳ್ಳೆಯ ಹುಡುಗಿಯೇ, ಕೆಟ್ಟ ಉದ್ದೇಶವಿರಲಿಲ್ಲ. ಆದರೆ ಆ ಮಾತು ಶಾಂಭವಿಯ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತು.

ಅಮೀರಪೇಟೆಯ ಪ್ಲಾಟ್‌ಫಾರ್ಮಿನಲ್ಲಿ ಅವಳು ಕೇಳಿಯೇಬಿಟ್ಟಳು.

“ಸರ್, ನೀರು ತಂದುಕೊಡೋ ಆಯಾಗೂ ಆಸಮ್ ಅಂತೀರಿ. ನನಗ ಒಂದೂ ಮಾತು ಯಾಕ ಬರಂಗಿಲ್ರಿ? ನಾ ಅಷ್ಟೂ ಚಲೋ ಇಲ್ಲೇನ್ರಿ?”

ನಿಶಾಂತನ ಮುಖ ಬಿಳಿಚಿಕೊಂಡಿತು.

“ಬ್ಯಾರೆ ಏನರ ಕೇಳು ಶಾಂಭವಿ. ಅದೊಂದು ನನ್ನ ಕಡಿಂದ ಆಗೂದಿಲ್ಲ.”

“ಸುಳ್ಳರ ಹೇಳ್ರಿ.”

ಅವನು ಮುಖ ಆ ಕಡೆ ತಿರುಗಿಸಿದ. ಅವಳ ರೈಲು ಬಂತು. ಬಾಗಿಲು ಮುಚ್ಚುವಾಗಲೂ ಅವನು ತಿರುಗಲಿಲ್ಲ.

ಆ ರೈಲಿನಲ್ಲಿ ಶಾಂಭವಿಗೆ ಎಲ್ಲ ಸ್ಪಷ್ಟವಾದಂತಿತ್ತು. ‘ಅವರು ಓದಿದವರು, ನೌಕರಿಯವರ ಮನೆತನ. ನಾ ಮಾಲು ಹೊರುವವಳ ಮಗಳು. ರೈಲಿಗೆ ಜೊತೆ ಬಂದದ್ದು ಕನಿಕರಕ್ಕೆ. ನಾನು ಅದನ್ನು ಪ್ರೀತಿ ಅಂದುಕೊಂಡೆ... ಎಂಥ ಹುಚ್ಚಿ ನಾನು!’

ಸೋಮವಾರ ಅವಳು ಆಫೀಸಿಗೆ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ. ಅವನ ನಂಬರನ್ನು ಬ್ಲಾಕ್ ಮಾಡಿದಳು.

*

ಮಿಯಾಪುರದಲ್ಲಿ, ಅಪ್ಪ ಈಗ ವಾಚ್‌ಮನ್ ಆಗಿದ್ದ ಅಪಾರ್ಟ್‌ಮೆಂಟಿನ ಹಿಂದಿನ ಕೋಣೆಯಲ್ಲಿ ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ಅವ್ವ ಕೇಳಿದಾಗ ಕೆಲಸ ಕಷ್ಟ, ಬಿಟ್ಟೆ ಎಂದಳು. ಪಾಪ ತಾಯಪ್ಪ, ಬಂದವರಿಗೆಲ್ಲ ಮಗಳು ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ ಎಂದು ಹೇಳಿಕೊಳ್ಳುತ್ತಿದ್ದವನು, ಅದನ್ನು ನಿಲ್ಲಿಸಿದ.

ಹತ್ತಿರದ ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಹಾಕುವ ಕೆಲಸ ಸಿಕ್ಕಿತು. ಅಲ್ಲಿ ಯಾರನ್ನೂ ಹೊಗಳಬೇಕಿರಲಿಲ್ಲ. ಸಾಮಾನು ಎಳೆಯುವುದು, ಬಿಲ್ಲು ಕೊಡುವುದು, ಮುಂದಿನವರು. ಯಾರೋ ಹುಡುಗ ಫೋನಿನಲ್ಲಿ ‘ಆಸಮ್ ಯಾರ್’ ಅಂದರೂ ಅವಳು ಒಂದೇ ಸಾಮಾನನ್ನು ಎರಡು ಸಲ ಎಳೆದುಬಿಡುತ್ತಿದ್ದಳು. ಅನ್ನ ಸೇರುತ್ತಿರಲಿಲ್ಲ. ಮೆಟ್ರೋ ಸ್ಟೇಷನ್ನಿನ ಮುಂದೆ ಹೋಗದಂತೆ ಸುತ್ತು ಹಾಕಿ ಮನೆಗೆ ಬರುತ್ತಿದ್ದಳು. ಮರೆತೆ ಅಂದುಕೊಂಡಷ್ಟೂ ಅವನು ನೀರಿನ ಬಾಟಲಿ ಚಾಚಿ ನಿಂತದ್ದೇ ಕಣ್ಣಿಗೆ ಬರುತ್ತಿತ್ತು.

ಬೇಸಿಗೆ ಶುರುವಾಗಿತ್ತು. ಒಂದು ಭಾನುವಾರ ಪಕ್ಕದ ಕೋಣೆಯ ಬಾಣಂತಿಯ ಕೂಸನ್ನು ಗದಿಗೆಮ್ಮ ಕಾಲ ಮೇಲೆ ಹಾಕಿಕೊಂಡು ಎರೆದು, ದೃಷ್ಟಿ ತಾಗದಂತೆ ಕೆನ್ನೆಗೆ ಕಾಡಿಗೆಯ ಬೊಟ್ಟು ಇಟ್ಟಳು. ಕೂಸನ್ನು ತಾಯಿಗೆ ಕೊಟ್ಟು, ಮಗಳ ಚೀಲ ಒಗೆಯಲೆಂದು ಕೊಡವಿದಳು. ಕಾರ್ಡು ಕೆಳಗೆ ಬಿತ್ತು. ಗದಿಗೆಮ್ಮನಿಗೆ ಓದು ಬರದು. ಫೋಟೋವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಯವ್ವಾ, ನಿನಗ ಈ ನದರ ಬೊಟ್ಟು ಇಟ್ಟವ್ರು ಯಾರು?”

ಶಾಂಭವಿ ಬೇಸರದಿಂದ, ಅದು ಬೊಟ್ಟಲ್ಲ, ನಾಪಾಸಾದವರಿಗೆ ಹಾಕುವ ಗುರುತು ಎಂದಳು.

ಗದಿಗೆಮ್ಮ ನಕ್ಕಳು. “ನಾಪಾಸ್ ಆದವ್ರಿಗೆ ಗೀಟು ಎಳೀತಾರ. ಹಿಂಗ ಗಲ್ಲದ ಮ್ಯಾಲೆ ತಿದ್ದಿ ತೀಡಿ ಗುಂಡಗ ಇಡ್ತಾರೇನು? ನಾ ಕೂಸಿಗೆ ಇಟ್ಟಿದ್ದೂ ಇದ ಜಾಗಾಕ್ಕ ನೋಡು. ಯಾರೋ ನಿನ್ನ ಮ್ಯಾಲೆ ಭಾಳ ಜೀವ ಇಟ್ಟಾರ.”

ಶಾಂಭವಿ ಎದ್ದು ಕೂತಳು.

“ಜೀವ ಇಟ್ಟವ್ರು ಒಂದು ಚಲೋ ಮಾತರ ಆಡ್ತಿದ್ರವ್ವ.”

“ನಾ ನಿನಗ ಚಂದ ಅದಿ ಅಂತ ಯಾವಾಗರ ಅಂದೀನೇನು? ಕರಿಮೂಳಿ ಅಂತ ಕರದು ಬೆಳಿಸೀನಿ. ನನ್ನ ಕಣ್ಣ ತಾಗೀತಂತ ಅಂಜಿಕಿ ನನಗ.”

ಶಾಂಭವಿಯ ಕೈ ಕೆನ್ನೆಗೆ ಹೋಯಿತು. ಪಿನ್ನು ಸರಿಯಿಲ್ಲ. ನಮಸ್ಕಾರದಲ್ಲಿ ತಪ್ಪು. ನೋಡ್ಕೋ... ಅವಳ ಅವ್ವ ಜೀವಮಾನವಿಡೀ ಆಡಿದ ಮಾತೂ ಇಂಥವೇ ಅಲ್ಲವೇ? ಈ ನದರು, ಬೊಟ್ಟು ಎಲ್ಲ ತಗಡಿನ ಶೆಡ್ಡಿನವರದು ಅಂದುಕೊಂಡಿದ್ದಳು ಅವಳು. ಟೈ ಕಟ್ಟಿ ಇಂಗ್ಲಿಷ್ ಕಲಿಸುವವನ ಮನೆಯಲ್ಲೂ ಇದು ಇರಬಹುದೆಂದು ಕನಸಿನಲ್ಲೂ ಹೊಳೆದಿರಲಿಲ್ಲ. ಅವ್ವನ ಮಡಿಲಿಗೆ ಬಿದ್ದು ಅವಳು ಜೋರಾಗಿ ಅತ್ತಳು. ಗದಿಗೆಮ್ಮ ಮಗಳ ತಲೆ ನೇವರಿಸಿದಳು.

*

ಮರುದಿನ ಬೆಳಿಗ್ಗೆ ಅಮೀರಪೇಟೆಯಲ್ಲಿ, ನಾಂಪಲ್ಲಿಯ ಕಡೆಯಿಂದ ರೈಲು ಬರುವ ಪ್ಲಾಟ್‌ಫಾರ್ಮಿನಲ್ಲಿ ಅವಳು ನಿಂತಿದ್ದಳು. ರೈಲುಗಳು ಬಂದವು, ಹೋದವು. ಕೊನೆಗೆ ಜನರ ನಡುವೆ ಅವನು ಇಳಿದ. ಸೊರಗಿಹೋಗಿದ್ದ. ಗಡ್ಡ ಬಿಟ್ಟಿದ್ದ. ಅವಳನ್ನು ಕಂಡವನೇ ನಿಂತ ಜಾಗದಲ್ಲೇ ನಿಂತ.

ಶಾಂಭವಿ ಕಾರ್ಡು ಹಿಡಿದು ತೋರಿಸಿದಳು. “ಇದನ್ನ ವಾಪಸ್ ಕೊಡಾಕ ಬಂದೀನ್ರಿ. ಅದಕ್ಕೂ ಮೊದಲ ಒಂದು ಹೇಳ್ರಿ. ಈ ಬೊಟ್ಟು ಇಟ್ಟವ್ರು ಯಾರ್ರಿ?”

ನಿಶಾಂತ ಆ ಚುಕ್ಕೆಯ ಮೇಲೆ ಬೆರಳಿಟ್ಟ.

“ನಾನ.”

ಇಬ್ಬರೂ ಬೆಂಚಿನ ಮೇಲೆ ಕೂತರು. ಅವನು ತಲೆ ತಗ್ಗಿಸಿಕೊಂಡೇ ಹೇಳಿದ. ಅವನ ತಂದೆ ಜಯತೀರ್ಥರು ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿದ್ದರು. ಬಡ್ತಿ ಸಿಕ್ಕ ದಿನ ಹೊಸ ಸಫಾರಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಿಶಾಂತ ಇನ್ನೂ ಸಣ್ಣವನು. ಶಾಲೆಯಲ್ಲಿ ಅದೇ ಆಗ ಕಲಿತ ಮಾತನ್ನು ಕೂಗಿ ಹೇಳಿದ್ದ, ಅಪ್ಪಾ ಸೂಪರ್ಬ್ ಎಂದು. ಅವರು ನಗುತ್ತ ಹೋದರು. ಮಧ್ಯಾಹ್ನ ಕಚೇರಿಯ ಕುರ್ಚಿಯಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಹೆಣದ ಮುಂದೆ ಅತ್ತೆಯೊಬ್ಬಳು, ಮನೆಯವರ ಕಣ್ಣೇ ತಾಗಿತು ಎಂದದ್ದು ಅವನ ಕಿವಿಗೆ ಬಿತ್ತು. ಅವಳು ಯಾರನ್ನು ಕುರಿತು ಅಂದಳೋ ಏನೋ. ಅವನು ಮಾತ್ರ ಅದು ತನಗೇ ಎಂದು ತಿಳಿದ.

“ಹೊರಗಿನವ್ರಿಗೆ ಎಷ್ಟು ಬೇಕಾದ್ರೂ ಹೇಳ್ತೀನಿ. ನಮ್ಮವ್ರಿಗೆ ಬಾಯಿ ಬರೂದಿಲ್ಲ,” ಎಂದ. “ನಮ್ಮ ಅವ್ವನ ಅಡಿಗಿಗೂ ಇವತ್ತಿನ ತನಕ ಚಲೋ ಆಗ್ಯದ ಅಂದಿಲ್ಲ. ನೀ ನಮ್ಮ ಭಾಷಾದಾಕಿ, ಬೊಟ್ಟು ನೋಡಿದ್ರ ತಿಳೀತದ ಅಂತ ಅಂದ್ಕೊಂಡಿದ್ದೆ.”

“ನಿಮ್ಮಂಥವ್ರೂ ಇದನ್ನ ನಂಬ್ತೀರಂತ ನನಗ ಹೆಂಗ ಗೊತ್ತಾಗ್ಬೇಕ್ರಿ?”

“ನಂಬೂದಲ್ಲ ಶಾಂಭವಿ. ಅಂಜೂದು.”

ಅವಳಿಗೆ ದುಃಖ ಉಕ್ಕಿ ಬಂತು. ತಾನು ಬಿಟ್ಟುಹೋದ ಮೇಲೆ ಹುಡುಕಿ ಬರಲಿಲ್ಲ ಯಾಕೆ ಎಂದು ಕೇಳಿದಳು. ನನ್ನಿಂದ ದೂರ ಇದ್ದರೆ ನಿನಗೆ ಒಳ್ಳೆಯದೇ ಆಗುತ್ತದೆ ಅಂದುಕೊಂಡೆ ಎಂದ ಅವನು. ದಿನವೂ ಸಂಜೆ ಮಿಯಾಪುರದ ರೈಲು ಹೋಗುವ ತನಕ ಇಲ್ಲೇ ನಿಂತಿದ್ದು ಹೋಗುತ್ತೇನೆ ಎಂದೂ ಹೇಳಿದ. ಎಂಥ ಮನುಷ್ಯನೋ ಮಹರಾಯ! ಶಾಂಭವಿಗೆ ಅವನನ್ನು ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ.

“ನನಗ ತಿಳೀತ್ರಿ,” ಎಂದಳು ಕಣ್ಣು ಒರೆಸಿಕೊಂಡು. “ಆದ್ರ ಹೊಟ್ಟಿ ತುಂಬಲಿಲ್ಲ. ಹುಟ್ಟಿದಾಗಿಂದ ನಮ್ಮವ್ರು ಯಾರೂ ಅಂದಿಲ್ಲ ನನಗ. ಮಂದಿ ಅಂದಿದ್ದು ಬ್ಯಾಡ್ರಿ. ನೀವು ಒಮ್ಮೆ ಅನ್ರಿ.”

“ನಿನಗೇನರ ಆದ್ರ?”

“ನದರ ತಗಿಯಾಕ ನನಗ ಬರತೈತ್ರಿ. ನಮ್ಮವ್ವ ಕಲಿಸ್ಯಾಳ.”

ರೈಲೊಂದು ಬಂದು ಜನರನ್ನು ಇಳಿಸಿ ಹೋಯಿತು. ನಿಶಾಂತನ ಹಣೆಯಲ್ಲಿ ಬೆವರು. ಎಷ್ಟೋ ಜನರಿಗೆ, ತಡವಾಗಿ ಬರುವ ತರುಣನಿಗೂ ಹಂಚಿದ್ದ ಮಾತು ಈಗ ಹೊರಗೆ ಬರಲು ಒಲ್ಲೆ ಎನ್ನುತ್ತಿತ್ತು. ಅವನು ಅವಳ ಮುಖ ನೋಡಿದ. ಈ ಸಲ ಕಣ್ಣು ತಗ್ಗಿಸಲಿಲ್ಲ.

“ಶಾಂಭವಿ... ನೀ ಸೂಪರ್ಬ್ ಇದ್ದೀ. ಆ ಕೆಂಪು ಸೀರ್ಯಾಗ, ಆ ಮುದುಕಿ ಜೋಡಿ ಮಾತಾಡುವಾಗ, ಈಗ ಅಳುವಾಗ... ಮೊದಲನೇ ದಿನದಿಂದ.”

ಹೇಳಿ ಮುಗಿಸಿ ಅವನು ಅತ್ತುಬಿಟ್ಟ, ಸಣ್ಣ ಹುಡುಗನಂತೆ. ಶಾಂಭವಿಯ ಕಣ್ಣೂ ತುಂಬಿ ಏನೂ ಕಾಣದಾಯಿತು. ಒಂದು ಮಾತಿಗೆ ಎದೆ ಇಷ್ಟು ತುಂಬುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಅವಳು ಅವನ ಎರಡೂ ಕೈ ಹಿಡಿದು ತನ್ನ ಕೆನ್ನೆಗಳ ಮೇಲಿಂದ ಮೆಲ್ಲಗೆ ಇಳಿಸಿದಳು. ಆಮೇಲೆ ಅವೇ ಕೈಗಳನ್ನು ಅವನ ಹಣೆಯ ಎರಡು ಬದಿಗೆ ಒಯ್ದು, ಬೆರಳು ಮಡಚಿ ಒತ್ತಿದಳು. ನೆಟಿಕೆ ಲಟಲಟ ಮುರಿದವು. ಮುರಿಯದೆ ಒಂದೂ ಉಳಿಯಲಿಲ್ಲ.

ನಿಶಾಂತ ಉಸಿರು ಬಿಗಿಹಿಡಿದು ಅವಳನ್ನೇ ನೋಡುತ್ತಿದ್ದ.

“ಏನೂ ಆಗಲಿಲ್ಲಲ್ಲ?”

“ಗೊತ್ತಿಲ್ರಿ,” ಎಂದಳು ಶಾಂಭವಿ, ಅಳುತ್ತ ನಗುತ್ತ. “ಇನ್ನೊಮ್ಮೆ ಹೇಳಿ ನೋಡ್ರಿ.”

ಅವನು ಹೇಳಿದ.